ಬಂಗಾರಿ ಕೂಗದ ಹದಿನೈದು ದಿನ

ಕಡಲತೀರದ ಬೆಳಕೆ ಊರಿನ ಬಂಗಾರಿಯ ಗಂಟಲು ಸಾಮಾನ್ಯದ್ದಲ್ಲ. ಬುಟ್ಟಿ ತಲೆಗೇರಿಸಿ ಅವಳು “ಮೀನು ಬೇಕಾ ಮೀನೂ” ಎಂದರೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದವರೂ ಕೈ ಒರೆಸಿಕೊಂಡು ಅಂಗಳಕ್ಕೆ ಬರುತ್ತಿದ್ದರು. ಆ ಗಂಟಲೇ ಒಂದು ಜೀವಕ್ಕೆ ಮುಳುವಾದೀತೆಂದು ಯಾರಿಗೆ ಗೊತ್ತಿತ್ತು?

ಎಪ್ಪತ್ತೆಂಟನೇ ಇಸವಿಯ ಮಾರ್ಚಿನಲ್ಲಿ ಕಡಲಂಚಿನ ತೆಂಗಿನ ಮರವೊಂದು ಉರುಳಿ, ಗೂಡಿನಲ್ಲಿದ್ದ ಗರುಡನ ಮರಿ ರೆಕ್ಕೆ ಜಜ್ಜಿಕೊಂಡು ಮರಳಿಗೆ ಬಿತ್ತು. ಮೈಯೆಲ್ಲ ಕಂದು, ಎದೆಯಲ್ಲಿ ಬಿಳಿಯ ಸುಳಿವೇ ಇಲ್ಲ.

“ಇದು ಗರುಡ ಅಲ್ಲ, ಬರೀ ಹದ್ದು” ಎಂದ ಗಂಡ ದೇವಪ್ಪ.

“ದೊಡ್ಡಾಗ್ಲಿ, ಎದೆ ಬೆಳ್ಳಗಾಗ್ತದೆ. ಆಮೇಲೆ ನೀವೇ ಕೈ ಮುಗಿತ್ರಿ” ಎನ್ನುತ್ತ ಬಂಗಾರಿ ಅದನ್ನು ಸೆರಗಿನಲ್ಲಿ ಸುತ್ತಿ ಮನೆಗೆ ತಂದಳು. ರೆಕ್ಕೆಯನ್ನು ಮೈಗೆ ಸೇರಿಸಿ ಹಳೆ ಸೀರೆಯ ಪಟ್ಟಿ ಕಟ್ಟಿದಳು. ತಾರ್ಲೆ ಮೀನಿನ ಮುಳ್ಳು ತೆಗೆದು, ಚೂರು ಮಾಡಿ ತಿನ್ನಿಸಿದಳು. ಹೆತ್ತ ಮಕ್ಕಳಿಗೂ ಅವಳು ಇಷ್ಟು ನಾಜೂಕಾಗಿ ಉಣಿಸಿದ್ದಿಲ್ಲ. ತುತ್ತಿಗೊಮ್ಮೆ ರೂಢಿಯ ಮೇಲೆ ಅದೇ ಕೂಗು, ಮೆತ್ತಗೆ: “ಮೀನು ಬೇಕಾ ಮೀನೂ.”

ಮೇ ಮೊದಲ ವಾರ ಪಟ್ಟಿ ಬಿಚ್ಚಿದಳು. ಮರಿ ಹಾರಿತು, ಆದರೆ ಕಡಲಿನ ಕಡೆಗಲ್ಲ. ಬಂಗಾರಿ ಯಾವ ಕೇರಿಯಲ್ಲಿ ಕೂಗಿದರೂ ಅಲ್ಲಿಗೆ ಹಾಜರಾಗಿ, ಬುಟ್ಟಿಯ ಅಂಚಿಗೆ ಕೂತು ಕೊಕ್ಕು ತೆರೆಯುತ್ತಿತ್ತು. ಊರಿಗೆಲ್ಲ ಮೋಜು, ಬಂಗಾರಿಗೋ ಹೆಮ್ಮೆ.

ದೇವಪ್ಪ ಮಾತ್ರ ನಗಲಿಲ್ಲ. “ಇನ್ನು ಇಪ್ಪತ್ತು ದಿನಕ್ಕೆ ಮಳೆ. ದೋಣಿ ದಡಕ್ಕೆ ಹತ್ತಿದ ಮೇಲೆ ನಿನ್ನ ಬುಟ್ಟಿಯಲ್ಲಿ ಎಂತ ಇರ್ತದೆ? ನೀ ಕೂಗುವಷ್ಟು ದಿನ ಅದು ಕಡಲು ನೋಡುದಿಲ್ಲ. ಹಸಿದು ಸಾಯ್ತದೆ.”

“ಆತು, ನಾಳೆಯಿಂದ ಕೂಗುದಿಲ್ಲ” ಎಂದಳು ಬಂಗಾರಿ.

ಮಾರನೆಯ ದಿನದಿಂದ ಬಾಯಿಗೆ ಬೀಗ. ಬುಟ್ಟಿಗೆ ಗೋಣಿ ಮುಚ್ಚಿ, ಮನೆಮನೆಯ ಬಾಗಿಲು ತಟ್ಟಿ ನಿಂತಳು. ಅರ್ಧ ಮೀನು ಹಾಗೇ ಮನೆಗೆ ವಾಪಸು ಬರುತ್ತಿತ್ತು. “ಎಂತ ಬಂಗಾರಿ, ಹರಕೆ ಹೊತ್ತಿದ್ಯಾ?” ಎಂದು ನೆರೆಮನೆಯ ಮುದುಕಿ ತಿಮ್ಮಕ್ಕ ಕೇಳಿದಾಗ ಹೌದೆಂಬಂತೆ ತಲೆಯಾಡಿಸಿದಳು. ಮರಿ ಮನೆಯ ಮಾಡಿನ ಮೇಲೆ ಕೂತು ಕಿರುಚುತ್ತಿತ್ತು. ಜೀವ ಹೋಗದಷ್ಟು ಎರಡು ಚೂರು ಅಲ್ಲಿಟ್ಟು, ಸೆರಗು ಬಾಯಿಗೆ ತುರುಕಿಕೊಂಡು, ಅಳುತ್ತ ಒಳಗೆ ಹೋಗುತ್ತಿದ್ದಳು.

ಇತ್ತ ದೇವಪ್ಪ ಬಲೆಯ ಸಣ್ಣ ಮೀನುಗಳನ್ನು ದಡಕ್ಕೆ ತರದೆ, ಮರಿಗೆ ಕಾಣುವಂತೆ ಮನೆಯೆದುರಿನ ಕಡಲ ನೀರಿಗೇ ಎಸೆಯತೊಡಗಿದ. ದೊಡ್ಡ ಗರುಡಗಳು ಎರಗಿ ಕಾಲಲ್ಲಿ ಬಾಚಿಕೊಂಡು ಹೋಗುತ್ತಿದ್ದವು. ಮರಿ ನಾಲ್ಕು ದಿನ ಅದನ್ನೇ ನೋಡುತ್ತ ಕೂತಿತು. ಐದನೆಯ ದಿನ ತಾನೂ ಇಳಿದು, ಮೈ ಒದ್ದೆ ಮಾಡಿಕೊಂಡು, ಮೀನು ಸಿಗದೆ ಬರಿಗಾಲಲ್ಲಿ ಮೇಲೆದ್ದಿತು. ಏಳನೆಯ ದಿನ ಒಂದು ತಾರ್ಲೆ ಸಿಕ್ಕಿತು, ಮುಳ್ಳು ಸಮೇತ. ಆಮೇಲೆ ಮಾಡಿಗೆ ಬರುವುದು ಕಡಿಮೆಯಾಯಿತು.

ಹದಿನಾರನೆಯ ದಿನ ದೋಣಿಗಳನ್ನು ದಡಕ್ಕೆ ಎಳೆದರು. ಆ ವರ್ಷದ ಕೊನೆಯ ಬುಟ್ಟಿ ಹೊತ್ತು ನಿಂತಿದ್ದ ಬಂಗಾರಿಗೆ ಇನ್ನು ತಡೆಯಲಾಗಲಿಲ್ಲ. ಅಷ್ಟೂ ದಿನ ನುಂಗಿದ್ದನ್ನೆಲ್ಲ ಸೇರಿಸಿ ಕೂಗಿದಳು: “ಮೀನು ಬೇಕಾ ಮೀನೂ.”

ನೀರಿನ ಮೇಲೆ ಹಾರುತ್ತಿದ್ದ ಮರಿಯ ಕಾಲಲ್ಲಿ ಜೀವಂತ ಮೀನೊಂದು ಒದ್ದಾಡುತ್ತಿತ್ತು. ಮರಿ ಒಮ್ಮೆ ಅವಳತ್ತ ತಲೆ ಹೊರಳಿಸಿತು, ಅಷ್ಟೇ. ತೆಂಗಿನ ಮರಗಳಾಚೆ ಹೊರಟುಹೋಯಿತು. ದೇವಪ್ಪ ತನಗೇ ಗೊತ್ತಿಲ್ಲದೆ ಕೈ ಮುಗಿದಿದ್ದ.

ಕೂಗು ಕೇಳಿ ತಿಮ್ಮಕ್ಕ ಪಾತ್ರೆ ಹಿಡಿದು ಬಂದಳು. “ಹರಕೆ ತೀರ್ತಾ, ಬಂಗಾರಿ?”

“ತೀರ್ತು, ತಿಮ್ಮಕ್ಕ” ಎಂದು ಅವಳು ಕಣ್ಣೊರೆಸಿಕೊಂಡು ಬುಟ್ಟಿ ಇಳಿಸಿದಳು.