ಬೆನ್ನು ಹಾಕಿ ಕೂತವರ ದಳಪತಿ

ನಮ್ಮ ದಳಪತಿ ಗಂಬೂಶೆ ಎಂದೂ ನೇರವಾಗಿ ಬಂದವರಲ್ಲ. ಮೊದಲು ಅವರ ಎಡಭುಜ ಬರುತ್ತಿತ್ತು, ಅದರ ಹಿಂದೆ ತಲೆ, ಆಮೇಲೆ ಉಳಿದ ದೇಹವೆಲ್ಲ ಆ ಭುಜದ ಪರಿವಾರದಂತೆ ಹಿಂಬಾಲಿಸುತ್ತಿತ್ತು. ಕೈಯಲ್ಲಿ ಗುರಾಣಿ ಇರಲಿ ಇಲ್ಲದಿರಲಿ, ಹೊರಟಿರುವುದು ಯುದ್ಧಕ್ಕಾಗಲಿ ದೊಡ್ಡಿಯಲ್ಲಿ ಹಸು ಕರೆಯುವುದನ್ನು ನೋಡಲಾಗಲಿ, ನಡಿಗೆ ಅದೇ. ನಮ್ಮ ರಾಜ್ಯ ಒಂದು ಹಗಲಿನಲ್ಲಿ ಸುತ್ತಿ ಬರುವಷ್ಟು ಚಿಕ್ಕದಾಗಿದ್ದ ಕಾಲದಲ್ಲಿ, ಚಪ್ಪಲಿ ಮೆಟ್ಟಿಕೊಂಡು ದೂರದಿಂದ ಉದ್ದನೆಯ ಭರ್ಜಿ ಎಸೆದು ಬೈದಾಡಿ ಮನೆಗೆ ಮರಳುವುದನ್ನೇ ಯುದ್ಧವೆಂದು ತಿಳಿದಿದ್ದ ಜನರ ನಡುವೆ ಹುಟ್ಟಿ, ಆಮೇಲೆ ಬಂದ ಹೊಸ ವಿದ್ಯೆಯನ್ನು ಮೊದಲು ಕಲಿತ ತರುಣರಲ್ಲಿ ಅವರೊಬ್ಬರು. ನಮ್ಮ ಗುರಾಣಿಯ ಎಡ ಅಂಚನ್ನು ಎದುರಾಳಿಯ ಗುರಾಣಿಗೆ ಸಿಕ್ಕಿಸಿ, ಒಮ್ಮೆಲೇ ಪಕ್ಕಕ್ಕೆ ಸೆಳೆದು, ತೆರೆದುಕೊಂಡ ಪಕ್ಕೆಗೆ ಗಿಡ್ಡ ಭರ್ಜಿಯನ್ನು ಇಳಿಸುವ ವಿದ್ಯೆ ಅದು. ವಿದ್ಯೆ ಕೈಯಲ್ಲಿ ನಿಲ್ಲದೆ ಮೈಗೇ ಇಳಿದುಬಿಟ್ಟಿತ್ತು. ತೆವಳಿಕೊಂಡೇ ಒಳಗೆ ಹೋಗಬೇಕಾದ ತಮ್ಮ ಗುಡಿಸಲಿನ ತಗ್ಗು ಬಾಗಿಲಲ್ಲಿಯೂ ಅವರು ಎಡಭುಜವನ್ನೇ ಮೊದಲು ತೂರಿಸುತ್ತಿದ್ದರು.

"ಒಳಗಡೆ ನಾನೊಬ್ಬಳೇ ಇರೋದು, ಬನ್ನಿ, ಚುಚ್ಚಲ್ಲ" ಎಂದು ಅವರ ಹೆಂಡತಿ ಮಾಸಿಬಿಯಾ ಒಳಗಿನಿಂದ ಕೂಗಿ ಹೇಳುತ್ತಿದ್ದಳು.

ನಾನು ಅವರ ಕೈಕೆಳಗೆ ಮಂಜಿನ ದಳದಲ್ಲಿ ಯೌವನವನ್ನೆಲ್ಲ ಕಳೆದವನು. ಒಂದೇ ವಯಸ್ಸಿನ ಗಂಡಸರನ್ನೆಲ್ಲ ಒಟ್ಟುಗೂಡಿಸಿ ಒಂದು ಹೆಸರು, ಒಂದೇ ಬಣ್ಣದ ಗುರಾಣಿ ಕೊಟ್ಟು ಅರಸರ ಬೀಡಿಗೆ ಸೇರಿಸುವುದು ನಮ್ಮಲ್ಲಿನ ಕ್ರಮ. ನಮ್ಮದು ಕಪ್ಪು ತೊಗಲಿನ ಮೇಲೆ ಬಿಳಿ ಮಚ್ಚೆಯ ಗುರಾಣಿ. ಅದು ಕೂಡ ನಮ್ಮದಲ್ಲ, ಅರಸರ ದನದ್ದು. ಹಾಗೆ ನೋಡಿದರೆ ನಾವೂ ನಮ್ಮವರಾಗಿರಲಿಲ್ಲ. ತಲೆಯ ಕೂದಲಿಗೆ ನಾರು ಸೇರಿಸಿ ಹೊಲಿದು, ಅಂಟು ಬಳಿದು, ಜೇನುಮೇಣದಿಂದ ಮಿರುಗಿಸುವ ಕಪ್ಪು ತಲೆಬಳೆಯನ್ನು ಅರಸರು ದಳಕ್ಕೆ ಅನುಗ್ರಹಿಸುವ ತನಕ ಯಾವನೂ ಮದುವೆಯಾಗುವ ಹಾಗಿಲ್ಲ. ಬಳೆ ಬಂದರೆ ಗಂಡಸು, ಇಲ್ಲದಿದ್ದರೆ ಗಡ್ಡ ನರೆತರೂ ಹುಡುಗನೇ. ನಮ್ಮ ಕೆಲವರಿಗೆ ಆಗಲೇ ಮುಂದಿನ ಕೂದಲು ಉದುರಲು ಶುರುವಾಗಿ, ಬಳೆ ಬಂದರೂ ಹೊಲಿಯುವುದೆಲ್ಲಿ ಎಂಬ ಚಿಂತೆ ಹತ್ತಿತ್ತು.

ಗಂಬೂಶೆಯವರ ಬಾಯಲ್ಲಿ ಒಂದೇ ಮಾತು, ಎಲ್ಲಕ್ಕೂ ಒಗ್ಗುವ ಮಾತು: "ಇನ್ನೂ ಇಲ್ಲ." ಜೋಳದ ಹೆಂಡದ ಮಡಕೆಯ ಸುತ್ತ ನಾವು ಬಾಯಾರಿ ಕೂತಿರುವಾಗ ನೊರೆ ಪೂರ್ತಿ ಇಳಿಯುವ ತನಕ ಸೋರೆಯ ಬುರುಡೆಗೆ ಕೈ ಹಾಕಗೊಡುತ್ತಿರಲಿಲ್ಲ. ಕೆಂಡದ ಮೇಲೆ ಮಾಂಸ ಚಟಗುಟ್ಟಿ ಊರಿನ ನಾಯಿಗಳೆಲ್ಲ ಬಂದು ಸಾಲಾಗಿ ಕೂತರೂ ಇನ್ನೂ ಇಲ್ಲ. ಕಿವಿಯ ತೂತಿನಲ್ಲಿ ಸಿಕ್ಕಿಸಿಕೊಂಡಿದ್ದ ನಸ್ಯದ ಕೊಳವೆಯನ್ನು ಬಿಚ್ಚಿ, ಅಂಗೈಗೆ ಸುರಿದು, ಮೂಗಿನ ಹತ್ತಿರ ಹಿಡಿದ ಮೇಲೂ ಒಂದು ಗಳಿಗೆ ಸುಮ್ಮನಿರುತ್ತಿದ್ದರು. ಪಕ್ಕದವನಿಗೆ ಸೀನು ಬಂದುಬಿಡುತ್ತಿತ್ತು. ಮಾಸಿಬಿಯಾ ಇದನ್ನು ಸಹಿಸಿಕೊಂಡು ಸಂಸಾರ ಮಾಡಿದವಳು.

"ನೀವೇ ಹೆರೋ ಹಾಗಿದ್ದಿದ್ರೆ, ಕೂಸಿಗೂ 'ಇನ್ನೂ ಇಲ್ಲ' ಅಂತ ಹೇಳಿ ಒಳಗೇ ಕೂರಿಸ್ತಿದ್ರಿ" ಎಂದು ಅವಳು ನಮ್ಮೆದುರಿಗೇ ಹೇಳಿದಾಗ ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಅದನ್ನೂ ಯೋಚಿಸಿ ನೋಡಬೇಕಾದ ಸಂಗತಿ ಎಂಬಂತೆ ತಲೆಯಾಡಿಸಿದರು.

ಅವರಿಗೆ ಒಂದು ಕೋಟು ಇತ್ತು. ಸಮುದ್ರದ ಕಡೆಯ ವ್ಯಾಪಾರಿಗಳು ಅರಸರಿಗೆ ಒಪ್ಪಿಸಿದ ನೀಲಿ ಬಣ್ಣದ ದಪ್ಪ ಕೋಟು. ಯಾವುದೋ ಗೆಲುವಿನ ನಂತರ ಅರಸರು ಇವರಿಗೆ ದಯಪಾಲಿಸಿದ್ದು. ಅರಸರು ಕೊಟ್ಟದ್ದನ್ನು ಹಾಕಿಕೊಳ್ಳದಿರುವುದು ಅವಿಧೇಯತೆ, ಹಾಕಿಕೊಂಡರೆ ಎಡತೋಳು ಕಟ್ಟಿಹಾಕಿದಂತೆ. ಗಂಬೂಶೆ ಬಲತೋಳನ್ನು ಮಾತ್ರ ತೂರಿಸಿ, ಎಡಗಡೆಯದನ್ನು ಜೋತುಬಿಟ್ಟುಕೊಂಡು ಬಿರುಬಿಸಿಲಿನಲ್ಲಿ ಬೀಡನ್ನೆಲ್ಲ ಸುತ್ತುತ್ತಿದ್ದರು. ಒಂದು ದಿನ ಅವರು ಮಾತಿನಲ್ಲಿ ಮುಳುಗಿದ್ದಾಗ ಆಡೊಂದು ಹಿಂದಿನಿಂದ ಬಂದು ಆ ಖಾಲಿ ತೋಳನ್ನು ಮೊಣಕೈಯವರೆಗೆ ತಿಂದುಬಿಟ್ಟಿತು. ಆಡಿನ ಕತೆ ಮುಗಿಯಿತೆಂದುಕೊಂಡೆವು. ಅವರು ಉಳಿದ ಭಾಗವನ್ನು ಎತ್ತಿ ನೋಡಿ, "ಆಡಿಗೆ ಬುದ್ಧಿ ಇದೆ, ಯಾವ್ದು ಬೇಡದ ತೋಳು ಅಂತ ಗೊತ್ತು" ಎಂದರು. ಆಡು ಬದುಕಿಕೊಂಡಿತು.

ಹೊಸಬರ ಅಂಗಾಲು ಗಟ್ಟಿಯಾಗಲೆಂದು ಮುಳ್ಳು ಹರಡಿ ಅದರ ಮೇಲೆ ಕುಣಿಸುವುದು ಎಲ್ಲ ದಳಗಳಲ್ಲೂ ಇತ್ತು. ಬೇರೆ ದಳಪತಿಗಳು ದೊಣ್ಣೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಇವರು ತಾವೇ ಮೊದಲು ಇಳಿದು, ಪಾದವೂರಿ ತುಳಿಯುತ್ತ, ಮೇಲಿನ ಕಣಿವೆಯಲ್ಲಿ ಈ ವರ್ಷ ಹುಲ್ಲು ಹೇಗೆ ಬಂದಿದೆ ಎಂದು ವಿಚಾರಿಸುತ್ತಿದ್ದರು. "ಸಾಕು ದೊಡ್ಡಪ್ಪಾ, ಪಾಪ, ಮುಳ್ಳಿಗೆ ನೋವಾಗ್ತಿದೆ" ಎಂದು ನಮ್ಮಲ್ಲಿ ಒಬ್ಬ ಕೂಗಿದ. ಅವನಿಗೆ ಆ ದಿನ ಎಲ್ಲರಿಗಿಂತ ಹೆಚ್ಚು ಹೊತ್ತು ಮುಳ್ಳಿನ ಜೊತೆ ಮಾತಾಡುವ ಅವಕಾಶ ಸಿಕ್ಕಿತು.

ಇನ್ನು ಆ ಯುದ್ಧದ ವಿಷಯ. ನಮ್ಮ ಸೈನ್ಯ ನಿಲ್ಲುವುದು ಕಾಡೆಮ್ಮೆಯ ಆಕಾರದಲ್ಲಿ. ನಡುವೆ ಎದೆ, ಎರಡು ಕಡೆ ಬಳಸಿ ಹೋಗುವ ಕೊಂಬುಗಳು, ಎದೆಯ ಹಿಂದೆ ಮೀಸಲಾಗಿ ಉಳಿಯುವ ಸೊಂಟ. ಸೊಂಟದವರು ಕಾಳಗಕ್ಕೆ ಬೆನ್ನು ಹಾಕಿ ನೆಲದ ಮೇಲೆ ಕೂರಬೇಕು. ಕಣ್ಣಿಗೆ ಬಿದ್ದರೆ ರಕ್ತ ಕುದಿಯುತ್ತದೆ, ರಕ್ತ ಕುದಿದರೆ ಕಾಲು ಅಪ್ಪಣೆಗೆ ಕಾಯುವುದಿಲ್ಲ ಎಂಬ ಕಾರಣಕ್ಕೆ. ಗುಡ್ಡದ ಮೇಲಿನ ಸೇನಾಪತಿ ಓಟಗಾರನನ್ನು ಕಳಿಸಿದಾಗ ಮಾತ್ರ ಎದ್ದು ತಿರುಗಬೇಕು. ಹಿಂದಿನ ದಂಡಯಾತ್ರೆಯಲ್ಲಿ ಇನ್ನೊಂದು ದಳದವರು ಹೀಗೆ ಕೂತಿದ್ದವರು, ತಡೆಯಲಾರದೆ ತಿರುಗಿ ನೋಡಿ, ಅಪ್ಪಣೆಯಿಲ್ಲದೆ ನುಗ್ಗಿ, ಮುಚ್ಚಿಕೊಳ್ಳುತ್ತಿದ್ದ ಕೊಂಬಿಗೆ ತಾವೇ ಅಡ್ಡಬಂದು ಗೆಲುವನ್ನು ಹಾಳುಮಾಡಿದ್ದರು. ಆದ್ದರಿಂದ ಈ ಸಲ ಹೊರಡುವ ಮುನ್ನ ಅರಸರ ಬಾಯಿ ಎನಿಸಿದ್ದ ಹಿರಿಯ ಮಂತ್ರಿ ನಮ್ಮೆದುರು ನಿಂತು ಸಾರಿದ: ಸೊಂಟದಲ್ಲಿ ಮಂಜಿನ ದಳ ಕೂರುತ್ತದೆ, ಒಬ್ಬನೂ ತಲೆ ತಿರುಗಿಸದಿದ್ದರೆ ದಳಕ್ಕೆಲ್ಲ ತಲೆಬಳೆ, ಒಬ್ಬ ತಿರುಗಿಸಿದರೂ ನಿಮಗೆ ಕಾದಿರುವ ಹೆಣ್ಣುಗಳು ಬೇರೆ ದಳದ ಪಾಲು.

ನನಗಾಗಿ ಕಾಯುತ್ತಿದ್ದವಳು ನೊಮ್‌ವುಲಾ. ನಿಶ್ಚಯವಾದ ಗುರುತಿಗೆ ಕೆಮ್ಮಣ್ಣು ಬಳಿದು ಎತ್ತಿ ಕಟ್ಟಿದ್ದ ಅವಳ ಮುಡಿ ನೋಡಿ ನೋಡಿ ಊರಿಗೇ ಹಳತಾಗಿತ್ತು. ಹೊರಡುವಾಗ ಅವಳು ಹೇಳಿದ್ದು ಇಷ್ಟೆ: "ಕತ್ತು ನೆಟ್ಟಗಿಟ್ಕೊಂಡು ಬಾ. ತಿರುಗಿಸಿದ್ಯೋ, ಈ ಕಡೆ ತಲೆ ಹಾಕ್ಬೇಡ."

ಗಂಬೂಶೆಯವರ ಒಬ್ಬನೇ ಮಗ ಲಾಂಗಾ ಕಿರಿಯರ ದಳದಲ್ಲಿದ್ದ. ಅಂದು ಕಿರಿಯರನ್ನೇ ಎದೆಯಲ್ಲಿ ನಿಲ್ಲಿಸಿದ್ದರು. ಎಳೆಯರು ಹಿಂಜರಿದಂತೆ ಕಂಡರೆ ಶತ್ರು ಹುರುಪಿನಿಂದ ಬೆನ್ನಟ್ಟಿ ಬರುತ್ತಾನೆ, ಬಂದಷ್ಟೂ ಕೊಂಬುಗಳ ನಡುವೆ ಸಿಕ್ಕಿಕೊಳ್ಳುತ್ತಾನೆ ಎಂಬ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು, ಆ ಲೆಕ್ಕದಲ್ಲಿ ಯಾರು ಸಾಯುತ್ತಾರೆ ಎಂಬುದು ದಳಪತಿಗಳಿಗೆಲ್ಲ ಗೊತ್ತಿತ್ತು. ಬೆಳಗ್ಗೆ ಲಾಂಗಾ ನಮ್ಮ ಸಾಲಿನ ಪಕ್ಕದಲ್ಲಿ ಹಾದುಹೋಗುತ್ತ, "ಕೂತ್ಕೊಳ್ರಣ್ಣಾ, ಆರಾಮಾಗಿ ಕೂತ್ಕೊಳ್ಳಿ, ಮೊಟ್ಟೆಗೆ ಕಾವು ಕೊಡಿ" ಎಂದು ರೇಗಿಸಿದ. ನಾವೂ ಸುಮ್ಮನಿರಲಿಲ್ಲ. ತಂದೆ ಮಗನ ಗುರಾಣಿಯ ಪಟ್ಟಿಯನ್ನು ಎಳೆದು ನೋಡಿದರು, ಸಡಿಲವಿದ್ದದ್ದನ್ನು ಬಿಗಿ ಮಾಡಿ ಕಳಿಸಿದರು.

ನಾವು ಹುಲ್ಲುಗುಡ್ಡದ ಇಳಿಜಾರಿನಲ್ಲಿ, ಹೊಳೆಗೆ ಬೆನ್ನು ಹಾಕಿ ಸಾಲುಸಾಲಾಗಿ ಕೂತೆವು. ಎಲ್ಲ ಸಾಲುಗಳ ಹಿಂದೆ, ಕಾಳಗಕ್ಕೆ ಅತಿ ಸಮೀಪದಲ್ಲಿ, ಗಂಬೂಶೆ ಕೂತರು. ದಳಪತಿಯಾದವನು ತಿರುಗಿ ನೋಡಬಾರದೆಂಬ ಕಟ್ಟಳೆಯೇನೂ ಹಿಂದೆ ಇರಲಿಲ್ಲ. ಆದರೆ ನಮಗೆ ಬೇಡವಾದದ್ದು ತಮಗೂ ಬೇಡವೆಂದು ಅವರು ಸದಾ ನಮ್ಮ ಜೊತೆ ಬೆನ್ನು ಹಾಕಿಯೇ ಕೂರುತ್ತಿದ್ದವರು. ಹೊಳೆಯ ಕಡೆಯಿಂದ ಗುರಾಣಿಗಳ ಬಡಿತ ಕೇಳಿಸಿತು, ಆಮೇಲೆ ಹುಯಿಲು, ಆಮೇಲೆ ಹುಯಿಲು ಹತ್ತಿರವಾಯಿತು. ಎದೆ ಹಿಂದೆ ಸರಿಯುತ್ತಿತ್ತು. ನಮ್ಮೆದುರಿಗೆ ಕಾಣುತ್ತಿದ್ದುದು ಮೇಯುತ್ತಿದ್ದ ಜಿಂಕೆಗಳ ಒಂದು ಗುಂಪು ಮಾತ್ರ. ಗಾಯಗೊಂಡವರು ನಮ್ಮನ್ನು ದಾಟಿ ಮುಂದೆ ಓಡಿ ಬಿದ್ದರು, ಅವರಲ್ಲೊಬ್ಬ ನಮ್ಮ ಮುಖಗಳನ್ನು ನೋಡಿ, "ಏಳ್ರೋ! ಅಲ್ಲಿ ನಿಮ್ಮ ತಮ್ಮಂದ್ರು ಸಾಯ್ತಿದಾರೆ, ಕೂತಿದೀರಲ್ಲೋ!" ಎಂದು ಅತ್ತ. ನನ್ನ ಪಕ್ಕದವನು ತನ್ನ ಕೈಯನ್ನು ತಾನೇ ಕಚ್ಚಿಕೊಂಡ. ನಾನು ನೊಮ್‌ವುಲಾಳ ಮುಡಿಯನ್ನು ನೆನೆಯುತ್ತ ಜಿಂಕೆಗಳ ಮೇಲೆ ಕಣ್ಣು ನೆಟ್ಟೆ.

ಆಗ ಆ ಗದ್ದಲದ ನಡುವಿನಿಂದ "ಅಪ್ಪಾ!" ಎಂಬ ಕೂಗು ಬಂತು. ದನಿ ಲಾಂಗಾನದು. ಬೆಳಗ್ಗೆ ನಮ್ಮನ್ನು ರೇಗಿಸಿದ ದನಿಯನ್ನು ಅಷ್ಟು ಬೇಗ ಮರೆಯಲು ಸಾಧ್ಯವಿರಲಿಲ್ಲ.

ನಮ್ಮ ಸಾಲುಗಳು ಒಮ್ಮೆ ಅಲುಗಿದವು. ಹಿಂದಿನಿಂದ ಗಂಬೂಶೆಯವರ ಮಾತು ಬಂತು, ಹೆಂಡದ ಮಡಕೆಯ ಮುಂದೆ ಬರುವ ಅದೇ ಮಾತು, ಅದೇ ನಿಧಾನ: "ಇನ್ನೂ ಇಲ್ಲ, ಮಕ್ಕಳೇ."

ನಮ್ಮ ಸಾಲುಗಳಲ್ಲಿ ಯಾರೂ ತಿರುಗಲಿಲ್ಲ. ಕೊಂಬುಗಳು ಮುಚ್ಚಿಕೊಂಡವು, ಓಟಗಾರ ಬರುವ ಅಗತ್ಯವೇ ಬೀಳಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಯುದ್ಧ ನಮ್ಮದಾಯಿತು. ಲಾಂಗಾನನ್ನು ಹೊಳೆಯ ಈಚೆ ದಡದಲ್ಲಿ ಗುರಾಣಿ ಹೊದಿಸಿ ಬಿಟ್ಟು ಬಂದೆವು.

ಹಿಂದಿರುಗಿದ ಮೇಲೆ ಅರಸರ ದೊಡ್ಡಿಯಲ್ಲಿ ಸಭೆ ಕೂಡುತ್ತದೆ. ಅಲ್ಲಿ ಪ್ರತಿ ದಳಪತಿಯೂ ತನ್ನವರಲ್ಲಿ ಕರ್ತವ್ಯ ತಪ್ಪಿದವನನ್ನು ಎಲ್ಲರೆದುರು ತೋರಿಸಿಕೊಡಬೇಕು. ಭರ್ಜಿಗೆ ರಕ್ತ ಹತ್ತಿಸಿಕೊಂಡು ಬಂದ ದಳಗಳವರು ನಮ್ಮನ್ನು ನೋಡಿ ಕೋಳಿಯಂತೆ ಕೂಗಿ ನಕ್ಕರು. ಮಂತ್ರಿ ನಮ್ಮ ಸರದಿಗೆ ಬಂದ.

"ಮಂಜಿನ ದಳದಲ್ಲಿ ತಲೆ ತಿರುಗಿಸಿದವನು ಯಾರಾದ್ರೂ ಇದಾನಾ, ಗಂಬೂಶೆ?"

"ಇದಾನೆ" ಎಂದರು ಗಂಬೂಶೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗಂಬೂಶೆ ಎಡಭುಜ ಮುಂದೆ ಮಾಡಿ, ಅರ್ಧ ತೋಳಿನ ಕೋಟಿನಲ್ಲಿ ಅಂಗಳದ ನಡುವೆ ಹೋಗಿ ನಿಂತರು.

"ನಾನೇ. ಮಗ ಕೂಗಿದಾಗ ತಿರುಗಿದೆ."

"ಇವ್ರು ತಿರುಗಿದ್ದನ್ನ ಯಾರು ನೋಡಿದ್ರಿ?" ಮಂತ್ರಿ ನಮ್ಮನ್ನು ಕೇಳಿದ. ಅವರಿದ್ದದ್ದು ನಮ್ಮ ಬೆನ್ನ ಹಿಂದೆ.

"ಯಾರೂ ನೋಡಿಲ್ಲ. ಅದೇ ಸಾಕ್ಷಿ" ಎಂದರು ಗಂಬೂಶೆ. "ನೋಡ್ಬೇಕಾದ್ರೆ ಇವ್ರೂ ತಿರುಗ್ಬೇಕಿತ್ತು. ದಳ ತಿರುಗಿಲ್ಲ. ಬಳೆ ಅವ್ರಿಗೆ ಸಲ್ಬೇಕು. ನನ್ನದನ್ನ ತಗೊಳ್ಳಿ."

ಮಂತ್ರಿ ಒಳಗೆ ಹೋಗಿ, ಬಹಳ ಹೊತ್ತು ಇದ್ದು, ಹೊರಗೆ ಬಂದ. ಅರಸರ ತೀರ್ಪು ದಳಪತಿ ಹೇಳಿದಂತೆಯೇ ಇತ್ತು. ನಮಗೆ ತಲೆಬಳೆ ದೊರೆಯಿತು. ಅವರ ಬಳೆಯನ್ನು ಅಲ್ಲಿಯೇ, ನಮ್ಮ ಕಣ್ಣೆದುರಿಗೇ, ಕೂದಲಿನ ಸಮೇತ ಕೊಯ್ದು ತೆಗೆದರು. ಆಗ ನಕ್ಕವರು ಯಾರೂ ಇರಲಿಲ್ಲ. ನನಗೆ ಅಂದು ಸಂತೋಷವಾಯಿತು, ಆ ಸಂತೋಷದ ಬಗ್ಗೆ ನಾಚಿಕೆಯೂ ಆಯಿತು, ಎರಡೂ ನಿಜ.

ನನ್ನ ಮದುವೆಗೆ ಅವರು ಬಂದರು. ಬಳೆಯಿಲ್ಲದವನು ಕ್ರಮದ ಪ್ರಕಾರ ಹುಡುಗನಾದ್ದರಿಂದ ಮೀಸೆ ಮೂಡದವರ ಸಾಲಿನ ಕೊನೆಯಲ್ಲಿ ಹೋಗಿ ಕೂತರು. ಹೆಂಡ ಅವರ ತನಕ ಬರುವಷ್ಟರಲ್ಲಿ ಮಡಕೆಯಲ್ಲಿ ಗಸಿ ಉಳಿದಿತ್ತು. "ದೊಡ್ಡಪ್ಪಾ, ಈ ಕಡೆ ಬನ್ನಿ" ಎಂದು ನಾವು ಎಷ್ಟು ಕರೆದರೂ, "ನೀವು ದೊಡ್ಡೋರು ಮಾತಾಡ್ಕೊಳ್ಳಿ, ನಾವು ಹುಡುಗ್ರು ಇಲ್ಲೇ ಇರ್ತೀವಿ" ಎಂದರು. ನಾನೇ ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತೆ. ಯಾರಿಗೂ ಗೊತ್ತಾಗುತ್ತಿರಲಿಲ್ಲವಲ್ಲ, ಯಾಕೆ ಹೇಳಿದಿರಿ ಎಂದು ಕೇಳಿದೆ.

"ಅವನು ಬೀಳುವಾಗ ನನ್ನ ಕಡೆಗೇ ನೋಡ್ತಿದ್ದ ಕಣಪ್ಪ" ಎಂದರು. "ನಾನು ತಿರುಗಿದ್ದಕ್ಕೆ ನನ್ನ ಮುಖ ನೋಡ್ದ. ಇಲ್ಲದಿದ್ರೆ ಬೆನ್ನು ನೋಡ್ಕೊಂಡು ಹೋಗ್ತಿದ್ದ. ನಾನು ತಿರುಗೇ ಇಲ್ಲ ಅಂತ ಹೇಳ್ಬಿಟ್ರೆ, ಅವನು ನೋಡಿದ್ದೂ ಸುಳ್ಳಾಗತ್ತೆ."

ವರ್ಷಗಳು ಕಳೆದ ಮೇಲೆ, ಬಳೆಯನ್ನು ಮತ್ತೆ ಹೊಲಿಸಿಕೊಳ್ಳಬಹುದೆಂದು ಅರಮನೆಯಿಂದ ಹೇಳಿಕಳಿಸಿದರು. ಬಂದ ದೂತನಿಗೆ ಮೊಸರು ಕೊಟ್ಟು ಉಪಚರಿಸಿ, ತಮ್ಮ ಎಂದಿನ ಮಾತನ್ನೇ ಹೇಳಿ ಕಳಿಸಿದರು. ಮಾಸಿಬಿಯಾ ಮೂರು ಹೊತ್ತು ಮಾತು ಬಿಟ್ಟಳು, ನಾಲ್ಕನೆಯ ಹೊತ್ತಿಗೆ ತಾನೇ ಸೋತು ಬೈಯತೊಡಗಿದಳು.

ನಮ್ಮಲ್ಲಿ ಮನೆಯ ಯಜಮಾನನನ್ನು ಹೂಳುವಾಗ ಮಲಗಿಸುವುದಿಲ್ಲ, ಕೂರಿಸುತ್ತೇವೆ. ಗಂಬೂಶೆಯವರನ್ನು ಆ ಕೋಟಿನ ಸಮೇತ, ಮಂಜಿನ ದಳದಲ್ಲಿ ಉಳಿದಿದ್ದ ನಾವೇ ಎತ್ತಿಕೊಂಡು ಹೋದೆವು. ಎಲ್ಲರ ತಲೆಯಲ್ಲಿಯೂ ಬಳೆ, ಅವರ ತಲೆ ಮಾತ್ರ ಬರಿದು. ಗುಂಡಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಅವರನ್ನು ಇಳಿಸುವಾಗ, ಅಭ್ಯಾಸ ಬಲದಿಂದಲೋ ಏನೋ, ನಾವು ಲಾಂಗಾ ಬಿದ್ದ ಆ ಹೊಳೆಯ ದಿಕ್ಕಿಗೆ ಬೆನ್ನು ಬರುವಂತೆ ಕೂರಿಸಲು ಹೊರಟಿದ್ದೆವು. ಮೇಲೆ ನಿಂತಿದ್ದ ಮಾಸಿಬಿಯಾ ಕೂಗಿದಳು: "ಇನ್ನಾದ್ರೂ ತಿರುಗಿಸಿ ಕೂರಿಸ್ರೋ!"

ಗೂಡನ್ನು ಮತ್ತೆ ಕೊರೆದು, ತಿರುಗಿಸಿಯೇ ಕೂರಿಸಿದೆವು. ಈಗ ನಮ್ಮ ರಾಜ್ಯ ದೊಡ್ಡದು. ಅದರ ಕಥೆ ಹೇಳುವವರು ಕೊಂಬುಗಳ ವೇಗವನ್ನೂ ಎದೆಯ ಧೈರ್ಯವನ್ನೂ ಹೊಗಳುತ್ತಾರೆ, ಹೊಗಳಬೇಕಾದದ್ದೇ. ಆದರೆ ರಾಜ್ಯಗಳು ಬೆಳೆಯುವುದು, ತಮ್ಮವರು ಕೂಗಿದರೂ ಎದ್ದು ಹೋಗದೆ ಕೂತವರ ಬೆನ್ನಿನ ಮೇಲೆ ಕೂಡ. ಅಂಥವರಿಗೆ ಕೇಳಿಸುವುದಿಲ್ಲವೆಂದು ನಾವು ಅಂದುಕೊಳ್ಳುತ್ತೇವೆ. ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಕೇಳಿಸುತ್ತಿರುತ್ತದೆ, ಮತ್ತು ಒಮ್ಮೆ ಕತ್ತು ಹೊರಳಿಸಿದ್ದಕ್ಕೆ ಅವರು ಉಳಿದ ಆಯುಷ್ಯವನ್ನೆಲ್ಲ ತೆತ್ತುಬಿಡುತ್ತಾರೆ, ಬೇಸರವಿಲ್ಲದೆ.