ಸೈಲೆಂಟು ಕಿರುಚಿದ್ದು

ಸೇಬಿನ ಕೋಲ್ಡ್ ಸ್ಟೋರೇಜಿನಲ್ಲಿ ಎಲ್ಲರೂ ಅವಳನ್ನು ಸೈಲೆಂಟು ಎಂದು ಕರೆಯುತ್ತಿದ್ದರು. ಹೆಸರಿಟ್ಟವಳು ತೂಕದಕ್ಕ. ಪೆಟ್ಟಿಗೆಗಳನ್ನು ತೂಕದ ಯಂತ್ರದ ಮೇಲಿಟ್ಟು ನೋಡುವುದು ಅವಳ ಕೆಲಸ. ಹೊಸದಾಗಿ ಬಂದವರನ್ನು ಅಳೆದು ತೂಗಿ ಅಡ್ಡಹೆಸರು ಅಂಟಿಸುವುದು ಅವಳೇ ಮೈಮೇಲೆ ಹಾಕಿಕೊಂಡ ಕೆಲಸ. "ಇವಳ ಬಾಯಿಂದ ಒಂದು ಮಾತು ಹೊರಡಿಸ್ಬೇಕಂದ್ರೆ ಸರಳು ಹಾಕಿ ಮೀಟ್ಬೇಕು ಕಣ್ರೋ" ಎಂದು ಮೊದಲ ವಾರವೇ ಸಾರಿಬಿಟ್ಟಿದ್ದಳು. ಹುಡುಗಿ ತಲೆ ತಗ್ಗಿಸಿ ನಕ್ಕಿದ್ದಳು, ಅಷ್ಟೇ.

ಆ ಹುಡುಗಿಯ ಉಣ್ಣೆ ಟೋಪಿಯ ಕೆಳಗೆ, ಇಯರ್‌ಫೋನಿನೊಳಗೆ ಏನು ನಡೆಯುತ್ತಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ದಿನವಿಡೀ ಯಾರೋ ಒಬ್ಬರು ಗಂಟಲು ಹರಿದುಕೊಳ್ಳುತ್ತಿದ್ದರು. ಹಾರ್ಡ್‌ಕೋರ್, ಮೆಟಲ್‌ಕೋರ್ ಎಂದು ಕರೆಯುವ ಆ ಸಂಗೀತ ಅವಳಿಗೆ ಅಂಟಿಕೊಂಡದ್ದು ಅಣ್ಣನ ಹಳೆಯ ಫೋನಿನಿಂದ. ಅಣ್ಣ ಮದುವೆಯಾದ, ಹೊಸ ಫೋನು ಕೊಂಡ, ಮೆಲುದನಿಯ ಹಾಡುಗಳ ಕಡೆ ಹೊರಳಿಕೊಂಡ. ಹಳೆಯ ಫೋನೂ ಅದರ ಹೊಟ್ಟೆಯೊಳಗಿದ್ದ ಗದ್ದಲವೂ ತಂಗಿಯ ಪಾಲಿಗೆ ಬಂದವು. ಮೊದಲ ಸಲ ಕೇಳಿದಾಗ ಫೋನೇ ಕೆಟ್ಟಿದೆ ಎಂದುಕೊಂಡಳು. ಎರಡನೇ ಸಲ ಹಾಕಿದ್ದು ನಿಜಕ್ಕೂ ಕೆಟ್ಟಿದೆಯೇ ಎಂದು ನೋಡಲು. ಆಮೇಲೆ ಬಿಡಲಾಗಲಿಲ್ಲ.

ಅವಳಿಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ತನ್ನದೇ ಊರಿನ ಒಂದು ಬ್ಯಾಂಡು. ಹೆಸರು ಗರಗಸ. ಅದರ ಗಾಯಕಿ ಹಗಲು ಹೊತ್ತು ಹಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ ಪಕ್ಕ ನಿಂತು ಸಾಮಾನು ಎತ್ತಿಕೊಡುವವಳು; ಕಟ್ಟುಮಸ್ತಾದ ಹೆಂಗಸು, ಕತ್ತರಿಸಿದ ಕೂದಲು. ಅವರ ಒಂದು ಹಾಡಿನಲ್ಲಿ ಎಲ್ಲ ವಾದ್ಯಗಳೂ ಗಕ್ಕನೆ ನಿಂತು, ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲದಂತಾಗಿ, ಆಮೇಲೆ ಒಂದು ಸಾಲು ಬರುತ್ತದೆ: "ತಳ್ಳು, ಗೋಡೆಗೂ ಸುಸ್ತಾಗಿದೆ!" ಆ ಸಾಲನ್ನು ಗಾಯಕಿ ತಾನು ಹಾಡುವುದಿಲ್ಲ. ವೇದಿಕೆಯಂಚಿಗೆ ಬಂದು ಬಗ್ಗಿ, ಮೈಕನ್ನು ಮುಂದೆ ನಿಂತವರ ಬಾಯಿಗೆ ಹಿಡಿಯುತ್ತಾಳೆ. ಹಾಡು ಯಾರನ್ನು ಹಿಡಿದುಕೊಂಡಿದೆಯೋ ಅವರದೇ ಆ ಸಾಲು. ಇಂಥ ಸಂಗೀತದ ಮಂದಿಯಲ್ಲಿ ಅದೊಂದು ಪದ್ಧತಿ.

ಗರಗಸದ ಕಳೆದ ಸಲದ ಕಾರ್ಯಕ್ರಮದಲ್ಲಿ ಆ ಮೈಕು ನೇರವಾಗಿ ಸೈಲೆಂಟಿನ ಬಾಯಿಗೇ ಬಂದಿತ್ತು. ಮಲಗಿ ನಿದ್ದೆಯಲ್ಲಿ ಕೇಳಿದರೂ ಹೇಳುವಷ್ಟು ಬಾಯಿಪಾಠವಾಗಿದ್ದ ಸಾಲು. ಬಾಯಿ ತೆರೆದಳು. ಬಂದದ್ದು ಬರೀ ಗಾಳಿ. ಗಾಯಕಿ ಒಂದು ಗಳಿಗೆ ಕಾದು, ಕಣ್ಣು ಮಿಟುಕಿಸಿ, ಮೈಕನ್ನು ಪಕ್ಕದವನಿಗೆ ಹಿಡಿದಳು. ಯಾರೂ ನಗಲಿಲ್ಲ, ಯಾರೂ ಗಮನಿಸಲೂ ಇಲ್ಲ. ಆದರೂ ತಟ್ಟೆ ತೊಳೆಯುವಾಗ, ಬಟ್ಟೆ ಹಿಂಡುವಾಗ ಅದು ನೆನಪಾಗಿ ಅವಳ ಕಿವಿ ಬಿಸಿಯಾಗುತ್ತಿತ್ತು. ಈಗ ತಿಂಗಳ ಕೊನೆಯ ಭಾನುವಾರ ಗರಗಸ ಮತ್ತೆ ಹಾಡಲಿದೆ. ಈ ಸಲ ಆ ಸಾಲು ಹೇಳಲೇಬೇಕು. ಜೀವನದಲ್ಲಿ ಅವಳು ಇಷ್ಟು ಗಟ್ಟಿಯಾಗಿ ಬೇರೇನನ್ನೂ ಬಯಸಿರಲಿಲ್ಲ.

ಅಭ್ಯಾಸ ಮಾಡಬೇಕು, ಎಲ್ಲಿ? ಮನೆಯ ಗೋಡೆಗಳು ಕಾಗದದಂಥವು. ಪಕ್ಕದ ಮನೆಯ ಕೂಸು ಸೀನಿದರೆ ಅಮ್ಮ ಇಲ್ಲಿಂದಲೇ "ಚಿರಂಜೀವಿ" ಅನ್ನುತ್ತಿದ್ದಳು. ಆಗ ಹೊಳೆದದ್ದು ಕೋಲ್ಡ್ ಸ್ಟೋರೇಜಿನ ಒಳಕೋಣೆ. ಮಧ್ಯಾಹ್ನ ಕೊಳೆತ ಸೇಬು ಆರಿಸಲು ಅವಳೊಬ್ಬಳೇ ಅಲ್ಲಿಗೆ ಹೋಗುತ್ತಿದ್ದಳು. ಬಾಗಿಲು ಗೇಣು ದಪ್ಪ. ಒಳಗೆ ದೈತ್ಯ ಫ್ಯಾನುಗಳು ಬಿಡದೆ ಹೂಂಕರಿಸುತ್ತವೆ. ಅಲ್ಲಿ ಪೆಟ್ಟಿಗೆಗಳ ಎದುರು ನಿಂತು, ಗಂಟಲಿಗೆ ನೋವಾಗದಂತೆ ಹೊಟ್ಟೆಯಿಂದ ದನಿ ಎತ್ತುವುದನ್ನು ಕಲಿಯತೊಡಗಿದಳು. ಸೇಬುಗಳು ಒಳ್ಳೆಯ ಕೇಳುಗರು, ಮುಖ ತಿರುಗಿಸುವುದಿಲ್ಲ.

ಆದರೆ ಆ ಜಾಗಕ್ಕೊಂದು ನಿಯಮವಿತ್ತು. ಹಿಂದೊಮ್ಮೆ ಒಳಗಿನ ಚಿಲಕ ಹೆಪ್ಪುಗಟ್ಟಿ ಒಬ್ಬ ಹಮಾಲ ಸಿಕ್ಕಿಹಾಕಿಕೊಂಡಿದ್ದನಂತೆ. ಅಂದಿನಿಂದ, ಒಳಗಿನಿಂದ ಕೂಗು ಕೇಳಿತೆಂದರೆ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಎಲ್ಲರೂ ಓಡಿಬಂದು ಬಾಗಿಲು ತೆರೆಯಬೇಕು. ಸೈಲೆಂಟಿಗೆ ಇದು ಗೊತ್ತಿತ್ತು. ತನ್ನ ದನಿ ಅಷ್ಟು ದೂರ ಹೋಗುವುದೇ ಇಲ್ಲ ಎಂಬ ಧೈರ್ಯವೂ ಇತ್ತು. ಎಷ್ಟೋ ದಿನ ಹೋಗಲೂ ಇಲ್ಲ.

ಕಾರ್ಯಕ್ರಮದ ವಾರ, ಬುಧವಾರ, ಅಷ್ಟು ದೂರವೂ ಹೋಯಿತು. ಅಂದು ಕಾಲಗಲಿಸಿ ನಿಂತು, ಹೊಟ್ಟೆ ಬಿಗಿಹಿಡಿದು, "ತಳ್ಳು" ಎಂದಾಗ ದನಿ ಎಲ್ಲೋ ಪಾದದಿಂದ ಎದ್ದು ಬಂದಂತಾಯಿತು. ಮೈ ಜುಮ್ಮೆಂದಿತು. ಇದೇ! ಇದೇ ಅದು! ಖುಷಿಯಲ್ಲಿ ಇನ್ನೊಮ್ಮೆ ಕಿರುಚಿದಳು. ಮತ್ತೂ ಒಮ್ಮೆ.

ಬಾಗಿಲು ಧಡಾರನೆ ತೆರೆಯಿತು. ಮೊದಲು ಮೇಸ್ತ್ರಿ, ಅವನ ಹಿಂದೆ ಕಬ್ಬಿಣದ ಸರಳು ಹಿಡಿದ ಫೋರ್ಕ್‌ಲಿಫ್ಟಿನವನು, ಅವನ ಹಿಂದೆ ಚಪ್ಪಲಿ ಕಳೆದುಕೊಂಡ ತೂಕದಕ್ಕ, ಅವಳ ಹಿಂದೆ ಇಡೀ ಪ್ಯಾಕಿಂಗ್ ವಿಭಾಗ.

"ಎಲ್ಲಿ ಸಿಕ್ಕೊಂಡೆ? ಕೈಯಾ, ಕಾಲಾ?" ಮೇಸ್ತ್ರಿ ಏದುಸಿರು ಬಿಡುತ್ತಿದ್ದ.

"ಎಲ್ಲೂ ಇಲ್ಲ ಸಾರ್."

"ಹಾಗಾದ್ರೆ ಹಾವಾ?"

"ಈ ಚಳೀಲಿ ಯಾವ ಹಾವು ಬರುತ್ತೆ ಮೇಸ್ತ್ರಿ, ಸ್ವೆಟರ್ ಹಾಕ್ಕೊಂಡಾ?" ಎಂದಳು ತೂಕದಕ್ಕ. ಅವಳ ಒಂದು ಕೈ ಎದೆಯ ಮೇಲೆಯೇ ಇತ್ತು.

ಸೈಲೆಂಟು ನೆಲ ನೋಡಿದಳು. ನೆಲ ಬಾಯಿ ಬಿಡಲಿಲ್ಲ. ಕೊನೆಗೆ ಅವಳೇ ಬಿಟ್ಟಳು. "ಹಾಡು... ಹಾಡು ಕಲೀತಿದ್ದೆ ಸಾರ್."

"ಇದು ಹಾಡಾ?"

ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಸ್ತ್ರಿ ಮಾತ್ರ ನಗಲಿಲ್ಲ. ಎಲ್ಲರೂ ಹೋದ ಮೇಲೆ ಅವಳನ್ನು ನಿಲ್ಲಿಸಿಕೊಂಡು, ದನಿ ಏರಿಸದೆ ಹೇಳಿದ: "ನೋಡಮ್ಮ, ಇವತ್ತು ಎಲ್ಲ ಓಡಿ ಬಂದ್ರು. ನಾಳೆ ಕಿರುಚಿದ್ರೆ, ಅವಳು ಹಾಡ್ತಿದಾಳೆ ಬಿಡು ಅಂತಾರೆ. ನಾಡಿದ್ದು ನಿಜವಾಗಿ ಯಾರಾದ್ರೂ ಸಿಕ್ಕೊಂಡ್ರೆ?"

ಅವಳಿಗೆ ಅಳು ಒತ್ತಿಕೊಂಡು ಬಂತು, ಏಕೆಂದರೆ ಅವನು ಹೇಳಿದ್ದು ಸರಿಯಾಗಿತ್ತು. "ಇನ್ನು ಇಲ್ಲಿ ಕಿರುಚಲ್ಲ ಸಾರ್. ಆಣೆ."

"ಕಿರುಚ್ಲೇಬೇಕು ಅಂದ್ರೆ ಹೊರಗೆ ಅಂಗಳದಲ್ಲಿ, ಎಲ್ರಿಗೂ ಕಾಣೋ ಹಾಗೆ ಕಿರುಚು. ಕಣ್ಣಿಗೆ ಕಾಣ್ತಿದ್ರೆ ಯಾರೂ ಗಾಬರಿ ಬೀಳಲ್ಲ." ಬಾಗಿಲವರೆಗೆ ಹೋದವನು ತಿರುಗಿದ. ಬಾಗಿಲಿನ ದಪ್ಪವನ್ನು ಕೈಯಲ್ಲಿ ಅಳೆದು ನೋಡಿ, "ಆದ್ರೂ ಇದನ್ನ ದಾಟಿ ಬಂತಲ್ಲೇ ಮಾರಾಯ್ತಿ" ಎಂದುಕೊಂಡು ಹೋದ.

ಚಹಾದ ಹೊತ್ತಿಗೆ ತೂಕದಕ್ಕ ಪೆಟ್ಟಿಗೆಯೊಂದನ್ನು ಎಳೆದುಕೊಂಡು ಬಂದು ಎದುರಿಗೇ ಕೂತಳು. "ಈಗ ನಿಜ ಹೇಳು. ಹುಡುಗನ ವಿಷಯಾನಾ? ಮನೇಲಿ ಜಗಳಾನಾ?"

"ಎರಡೂ ಅಲ್ಲಕ್ಕ."

"ಮತ್ತೆ ಅಷ್ಟು ಸಿಟ್ಟು ಯಾರ ಮೇಲೆ?"

"ಸಿಟ್ಟಲ್ಲ. ಖುಷಿ." ಹಾಗೆಂದವಳು ನಿಲ್ಲಿಸಲಿಲ್ಲ. ಒಮ್ಮೆ ಹೊರಟ ಮಾತು ಚೀಲ ಹರಿದು ಸೇಬು ಉರುಳಿದಂತೆ ಉರುಳಿತು. ಹಾಡು ಹೇಗೆ ದಿಕ್ಕೆಟ್ಟವರ ಹಾಗೆ ಓಡುತ್ತದೆ. ಓಡಿ ಓಡಿ ಇದ್ದಕ್ಕಿದ್ದಂತೆ ಅರ್ಧ ವೇಗಕ್ಕೆ ಬಿದ್ದು, ಒಂದೊಂದೇ ಏಟು ಭಾರವಾಗಿ ಹೇಗೆ ಇಳಿಯುತ್ತದೆ. ಅದಕ್ಕೆ ಬ್ರೇಕ್‌ಡೌನ್ ಅನ್ನುತ್ತಾರೆ. ಮೆಟಲ್‌ಕೋರಿನಲ್ಲಾದರೆ ಅಷ್ಟೆಲ್ಲ ಅಬ್ಬರಿಸಿದ ಮೇಲೆ ನಡುವೆ ಒಂದು ತಿಳಿಯಾದ ರಾಗ ಬರುತ್ತದೆ, ಜ್ವರ ಇಳಿದಾಗ ಬೆವರು ಬರುತ್ತದಲ್ಲ, ಹಾಗೆ. "ಕೇಳಿದ್ಮೇಲೆ ತಲೆ ಒಳಗಿಂದ ತೊಳೆದ ಹಾಗಿರುತ್ತಕ್ಕ. ಕೂತು ಸುಮ್ನೆ ಗೋಡೆ ನೋಡೋಕೂ ಚೆನ್ನಾಗಿರುತ್ತೆ." ಕೊನೆಗೆ ಮೈಕಿನ ಕಥೆಯನ್ನೂ ಹೇಳಿಬಿಟ್ಟಳು.

ತೂಕದಕ್ಕ ಚಹಾ ಕುಡಿಯುವುದನ್ನೇ ಮರೆತಿದ್ದಳು. ಮಾತಿನ ವಿಷಯಕ್ಕಿಂತ ಮಾತೇ ಅವಳನ್ನು ದಂಗುಬಡಿಸಿತ್ತು. "ಎಲ್ಲಿ, ಒಂದು ಕಿವಿಗೆ ಕೊಡು ನೋಡೋಣ."

ಇಯರ್‌ಫೋನಿನ ಒಂದು ಗುಂಡಿ ಅವಳ ಕಿವಿಗೆ ಹೋಯಿತು. ಮುಖ ಹುಣಸೆಹಣ್ಣು ಕಚ್ಚಿದಂತಾಯಿತು. "ಅಯ್ಯಯ್ಯೋ, ಪಾತ್ರೆ ಅಂಗಡಿ ಮಹಡಿಯಿಂದ ಉರುಳಿದ ಹಾಗಿದೆಯಲ್ಲೇ!" ಆದರೆ ಕಿವಿಯಿಂದ ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಆ ಅರ್ಧ ವೇಗ ಯಾವಾಗ ಬೀಳುತ್ತೆ?" ಎಂದು ಕೇಳಿದಳು. ಬಿತ್ತು. ಸೈಲೆಂಟು ಅಕ್ಕನ ಕಾಲನ್ನೇ ನೋಡುತ್ತಿದ್ದಳು. ಅರ್ಧ ಕಳಚಿದ ಚಪ್ಪಲಿ ನೆಲಕ್ಕೆ ಬಡಿಯುತ್ತಿತ್ತು, ಸರಿಯಾದ ಜಾಗದಲ್ಲೇ.

"ಭಾನುವಾರ ನಾನೂ ಬರ್ತೀನಿ. ಹಿಂದೆ ನಿಂತ್ಕೋತೀನಿ. ಯಾರಾದ್ರೂ ಮೈಮೇಲೆ ಬಿದ್ರೆ ಕಪಾಳಕ್ಕೆ ಬಾರಿಸ್ತೀನಿ, ಈಗ್ಲೇ ಹೇಳಿಬಿಡು ನಿನ್ನ ಬ್ಯಾಂಡಿನವ್ರಿಗೆ."

ಉಳಿದದ್ದು ಅಂಗಳ. ಗುರುವಾರ ಅವಳು ಅಂಗಳದ ನಡುವೆ ಹೋಗಿ ನಿಂತು, ಲಾರಿಯ ನಂಬರು ಓದಿ ವಾಪಸು ಬಂದಳು. ಶುಕ್ರವಾರ ಇಡೀ ಪ್ಯಾಕಿಂಗ್ ವಿಭಾಗ ತಾವು ನೋಡುತ್ತಲೇ ಇಲ್ಲ ಎಂಬಂತೆ ಬೆನ್ನು ಹಾಕಿ ನಿಂತಿತು. ಆ ಬೆನ್ನುಗಳಿಗೆಲ್ಲ ಕಿವಿ ಮೂಡಿದ್ದವು. ಅವಳು ಕಾಲಗಲಿಸಿದಳು, ಹೊಟ್ಟೆ ಬಿಗಿಹಿಡಿದಳು. ನೆಗಡಿಯಾದ ಬೆಕ್ಕಿನ ಮರಿಯಂಥ ಒಂದು ದನಿ ಹೊರಬಂತು. ಬೆನ್ನುಗಳೆಲ್ಲ ತಿರುಗಿ ಚಪ್ಪಾಳೆ ತಟ್ಟಿದವು. ಆ ಚಪ್ಪಾಳೆಯಷ್ಟು ಘೋರವಾದದ್ದು ಇನ್ನೊಂದಿರಲಿಲ್ಲ. ಅವಳು ಕಾಲಿಗೆ ಬುದ್ಧಿ ಹೇಳಿದಳು.

ಒಬ್ಬಳೇ ಇದ್ದಾಗ ಗೇಣು ದಪ್ಪದ ಬಾಗಿಲು ದಾಟುವ ದನಿ, ನಾಲ್ಕು ಜನರೆದುರು ತುಟಿಯನ್ನೂ ದಾಟುವುದಿಲ್ಲ. ಭಾನುವಾರದ ಹೊತ್ತಿಗೆ ಅವಳಿಗೆ ಗೊತ್ತಿದ್ದುದು ಇಷ್ಟೇ.

ಕಾರ್ಯಕ್ರಮ ನಡೆದದ್ದು ಬ್ಯಾಡ್ಮಿಂಟನ್ ಆಡುವ ಹಾಲಿನಲ್ಲಿ, ಮಧ್ಯಾಹ್ನದ ಬಿಸಿಲು ಮೇಲಿನ ಕಿಟಕಿಗಳಿಂದ ಧೂಳಿನ ಕಂಬಗಳಂತೆ ಇಳಿಯುತ್ತಿರುವಾಗ. ತೂಕದಕ್ಕ ಕಿವಿಗೆ ಹತ್ತಿ ತುರುಕಿಕೊಂಡು, ಕೈಚೀಲ ಎದೆಗವಚಿಕೊಂಡು, ಹಿಂದಿನ ಬೆಂಚಿನ ಮೇಲೆ ಏರಿ ನಿಂತಳು. ಗರಗಸ ಶುರುಮಾಡಿದ್ದೇ ತಡ, ನಡುವಿನ ಜಾಗದಲ್ಲಿ ಹುಡುಗರು ಹುಡುಗಿಯರು ಕೈಕಾಲು ಬೀಸುತ್ತ ಒಬ್ಬರನ್ನೊಬ್ಬರು ನೂಕತೊಡಗಿದರು. ಒಬ್ಬ ಜಾರಿ ಬಿದ್ದ. ಅವನು ನೆಲ ಮುಟ್ಟುವ ಮೊದಲೇ ಎಷ್ಟೋ ಕೈಗಳು ಅವನನ್ನು ಎತ್ತಿ ನಿಲ್ಲಿಸಿ, ಬೆನ್ನು ತಟ್ಟಿ, ಮತ್ತೆ ನೂಕಿದವು.

"ಎತ್ತಿದ್ಯಾಕೆ, ಮತ್ತೆ ನೂಕಿದ್ಯಾಕೆ?" ತೂಕದಕ್ಕ ಪಕ್ಕದವನನ್ನು ಕೂಗಿ ಕೇಳಿದಳು.

"ಅದೇ ಆಟ ಆಂಟಿ!"

ಸೈಲೆಂಟು ಎಂದಿನಂತೆ ಮುಂದಿನ ಸಾಲಿನಲ್ಲಿ ನಿಂತಿದ್ದಳು. ಆದರೆ ಅವಳ ಹಾಡು ಬಂದು, ವಾದ್ಯಗಳು ಗಕ್ಕನೆ ನಿಂತಾಗ, ಗಾಯಕಿ ಹೋದದ್ದು ವೇದಿಕೆಯ ಇನ್ನೊಂದು ತುದಿಗೆ. ಜನ ಅತ್ತ ನುಗ್ಗಿದರು, ಒಬ್ಬರ ಹೆಗಲ ಮೇಲೊಬ್ಬರು ಒರಗಿ ಮೈಕಿಗೆ ಮುಖ ಚಾಚಿದರು. ಅವಳ ಕಾಲುಗಳೂ ಹೇಗೋ ಅತ್ತ ಹೋಗಿದ್ದವು. ಈಗ ಎದುರಿಗೆ ಒಂದು ಅಗಲವಾದ ಬೆನ್ನು, ಅದರಾಚೆ ಮೈಕು. ಬಸ್ಸು ಬಂದರೆ ಎಲ್ಲರನ್ನೂ ಹತ್ತಿಸಿ ಆಮೇಲೆ ಹತ್ತುವವಳು, ನಲ್ಲಿಯಲ್ಲಿ ತನ್ನ ಸರದಿಯನ್ನೂ ಬಿಟ್ಟುಕೊಡುವವಳು ಅವಳು. ದನಿಯೊಂದನ್ನೇ ಪಳಗಿಸಿದ್ದಳಲ್ಲದೆ, ನುಗ್ಗುವುದನ್ನು ಎಲ್ಲಿ ಕಲಿತಿದ್ದಳು?

"ಸ್ವಲ್ಪ ಜಾಗ ಬಿಡ್ತೀರಾ?" ಎಂದಳು ಬೆನ್ನಿಗೆ. ಆ ಗಲಾಟೆಯಲ್ಲಿ ಅದು ಅವಳಿಗೇ ಕೇಳಲಿಲ್ಲ.

ಕಳೆದ ಸಲದ ಗಾಳಿ ಮತ್ತೆ ಬಾಯಿಗೆ ಬರುವಂತಿತ್ತು. ಅವಳು ಕಣ್ಣುಮುಚ್ಚಿ, ಗುರುತು ಪರಿಚಯವಿಲ್ಲದ ಆ ಹೆಗಲ ಮೇಲೆ ಎರಡೂ ಕೈ ಇಟ್ಟು, ಒತ್ತಿದಳು.

ಬೆನ್ನು ತಿರುಗಿಯೂ ನೋಡಲಿಲ್ಲ. ಮೊಣಕಾಲು ಮಡಚಿ, ಉಪ್ಪುಮೂಟೆ ಹೊರುವವರಂತೆ ಬಾಗಿತು. ಅವಳು ಹತ್ತಿದಳು. ಬೆನ್ನು ಎದ್ದು ನಿಂತಿತು. ಮೈಕು ಈಗ ಗಲ್ಲದ ಪಕ್ಕದಲ್ಲೇ ಇತ್ತು, ಅದರ ಸುತ್ತ ಬೆವರಿದ ಮುಖಗಳು, ಎಲ್ಲ ಬಾಯಿಗಳೂ ತೆರೆದಿದ್ದವು.

"ತಳ್ಳು, ಗೋಡೆಗೂ ಸುಸ್ತಾಗಿದೆ!"

ಬಂತು. ಪಾದದಿಂದ ಎದ್ದು, ಹೊಟ್ಟೆ ದಾಟಿ, ಹಲ್ಲು ಅದುರಿಸಿಕೊಂಡು ಬಂತು. ಬಂದು, ಉಳಿದೆಲ್ಲ ದನಿಗಳೊಂದಿಗೆ ಕಲಸಿಹೋಯಿತು. ಯಾವುದು ತನ್ನದು ಎಂದು ಅವಳಿಗೇ ಬೇರ್ಪಡಿಸಲಾಗಲಿಲ್ಲ. ಅಂಗಳದಲ್ಲಿ ಹೆದರಿದ್ದೆಲ್ಲ ಈಗ ತಮಾಷೆಯಾಗಿ ಕಂಡಿತು. ಇಲ್ಲಿ ಯಾರೂ ಅವಳನ್ನು ನೋಡುತ್ತಿರಲಿಲ್ಲ, ಚಪ್ಪಾಳೆ ತಟ್ಟಲು ಯಾರ ಕೈಯೂ ಖಾಲಿ ಇರಲಿಲ್ಲ. ಬಚ್ಚಿಟ್ಟುಕೊಳ್ಳಲು ಇಂಥದೊಂದು ಜಾಗ ಇದೆಯೆಂದು ಮೊದಲೇ ಯಾಕೆ ಹೊಳೆಯಲಿಲ್ಲವೋ! ಹಿಂದಿನ ಬೆಂಚಿನಿಂದ ತೂಕದಕ್ಕ ಕೈಚೀಲ ಬೀಸುತ್ತ ಏನೋ ಕೂಗುತ್ತಿದ್ದಳು, ಅದೂ ಕೇಳಲಿಲ್ಲ.

ಹಾಡು ಅರ್ಧ ವೇಗಕ್ಕೆ ಬಿತ್ತು. ಹಾಲಿನ ನೆಲವೇ ಏಟಿಗೊಮ್ಮೆ ತಗ್ಗಿ ಏಳುವಂತಿತ್ತು. ಮೈಕು ಮೇಲಕ್ಕೆ ಹೋಯಿತು, ಜನ ಕರಗಿ ಹಿಂದೆ ಸರಿದರು. ಅವಳು ಅಲ್ಲೇ, ಬೆನ್ನಿನ ಮೇಲೆಯೇ, ಕಣ್ಣರಳಿಸಿ ಕೂತಿದ್ದಳು.

ಬೆನ್ನು ಮೊದಲ ಸಲ ಕತ್ತು ಹೊರಳಿಸಿತು. ಗಡ್ಡದ ಮುಖ, ಮೂಗಿನ ತುದಿಯಲ್ಲಿ ಬೆವರು. "ಇಳೀತೀಯಾ ತಂಗಿ, ಇಲ್ಲೇ ಮನೆ ಮಾಡ್ತೀಯಾ?"

"ಸ್ವಲ್ಪ ತಡಿಯಣ್ಣ," ಎಂದಳು ಅವಳು ಅವನ ಕಿವಿಯಲ್ಲಿ, ಅವನು ಬೆಚ್ಚಿಬೀಳುವಷ್ಟು ಜೋರಾಗಿ, "ಇನ್ನೊಂದ್ ಸಲ ಬರುತ್ತೆ ಆ ಸಾಲು!"