ಹೊಳೆಯಾಚೆ ನೋಡಿದ ಕೊನೆಯ ಕಂತು

ಕ್ರಿಸಾಂತೊ ಬಂದದ್ದು ಹೆಂಡತಿಯನ್ನು ಊಟಕ್ಕೆ ಕರೆಯಲು. ಆ ಶನಿವಾರ ಸಂಜೆ ಲೆಮೆರಿ ಊರಿನ ನಮ್ಮ ಬೀದಿಯವರೆಲ್ಲ ಹೆರ್ಮಿನಿಯಾಳ ಅಂಗಡಿಯ ಟಿವಿ ಮುಂದೆ ಕೂತಿದ್ದೆವು. ಹದಿನಾಲ್ಕು ವರ್ಷ ನಮ್ಮನ್ನು ನಗಿಸಿದ ‘ಒಂದೇ ಅಡುಗೆಮನೆ’ ಧಾರಾವಾಹಿ ಅಂದು ಮುಗಿಯುವುದಿತ್ತು. ಕ್ರಿಸಾಂತೊ ಬಾಡಿಗೆಗೆ ಜನರನ್ನು ಒಯ್ಯುವ ಉದ್ದನೆಯ ಜೀಪು, ಜೀಪ್ನಿ, ಓಡಿಸುವವನು. ಪ್ರಯಾಣಿಕರಿಗಾಗಿ ಕಾಯುವಾಗ ಯಾರದೋ ಕಿಟಕಿಯಲ್ಲಿ ಕಂಡ ತುಣುಕುಗಳಷ್ಟೇ ಅವನು ನೋಡಿದ್ದು.

ಬಾಗಿಲಿಗೊರಗಿ ನಿಂತವನು ಸುಮ್ಮನಿರಲಿಲ್ಲ. ಆ ಬೊಕ್ಕತಲೆಯವನು ಯಾರು, ಆ ಹೆಂಗಸಿಗೆ ಅವನೇನಾಗಬೇಕು ಎಂದು ಕೇಳುತ್ತಲೇ ಇದ್ದ. ಅವನ ಹೆಂಡತಿ ಲೋರಿಂಗ್ ಟಿವಿಯಿಂದ ಕಣ್ಣು ಕೀಳದೆಯೇ ತಿಳಿಸಿದಳು. ಅವನು ತೆಮ್ಯೊಂಗ್, ಆಕೆ ವಿಧವೆ ಸಾಬೆಲ್. ಒಂದೇ ಅಡುಗೆಮನೆ ಹಂಚಿಕೊಂಡ ಬಾಡಿಗೆದಾರರು. ಸೌಟಿಗೊಂದು ಜಗಳ, ಸಾರಿಗೊಂದು ಜಗಳ. ಅವನ ಮನಸ್ಸಿನಲ್ಲಿರುವುದು ಊರಿಗೆಲ್ಲ ಗೊತ್ತು, ಅವನ ಬಾಯಿಂದ ಮಾತ್ರ ಬರದು.

“ಹೇಳಿಬಿಟ್ರೆ ಮುಗೀತಲ್ಲ,” ಎಂದ ಕ್ರಿಸಾಂತೊ.

“ನೀನು ಮೂರು ವರ್ಷ ನನ್ನ ಹಿಂದೆ ಸುತ್ತಿದೆಯಲ್ಲ, ಮೊದಲನೇ ದಿನಾನೇ ಹೇಳಿದ್ಯಾ?” ಎಂದಳು ಲೋರಿಂಗ್.

ಎಲ್ಲರೂ ನಕ್ಕರು. ಅವನು ಸ್ಟೂಲು ಎಳೆದುಕೊಂಡು ಕೂತ.

ತೆಮ್ಯೊಂಗ್ ಮನೆ ಖಾಲಿ ಮಾಡಿ ಹೊರಟಿದ್ದ. ಚೀಲ ಹಿಡಿದು ಬಾಗಿಲವರೆಗೆ ಹೋದವನು ತಿರುಗಿ ನಿಂತ, ಬಾಯಿ ತೆರೆದ. ಅಷ್ಟರಲ್ಲಿ ಜಾಹೀರಾತು ಬಂತು. ಜಾಹೀರಾತಿನ ನಡುವೆ ಕರೆಂಟು ಹೋಯಿತು.

ಫೋನಿನಲ್ಲಿ ಟಿವಿ ನೋಡುವ ಕಾಲ ಆಗಿನ್ನೂ ಬಂದಿರಲಿಲ್ಲ. ಹೆರ್ಮಿನಿಯಾ ಹಣೆ ಚಚ್ಚಿಕೊಂಡಳು. ಹೊಳೆಯಾಚೆ ತಾಲ್ ಊರಿನ ದೀಪಗಳು ಉರಿಯುತ್ತಿರುವುದನ್ನು ಮೊದಲು ಕಂಡವನು ಕ್ರಿಸಾಂತೊ.

“ಸೇತುವೆ ದಾಟಿದ್ರೆ ಬೇಕರೀಲಿ ಟಿವಿ ಇದೆ. ಹತ್ತಿ ಎಲ್ಲರೂ,” ಎಂದ.

“ಊಟಕ್ಕೆ ಕರೆಯೋಕೆ ಬಂದಿದ್ದೆ ಅಲ್ವಾ?” ಎಂದಳು ಲೋರಿಂಗ್.

“ಅನ್ನ ಎಲ್ಲಿಗೂ ಓಡಿಹೋಗಲ್ಲ ಕಣೆ. ಆ ಬೊಕ್ಕತಲೆ ಹೋಗಿಬಿಡ್ತಾನೆ.”

ಜೀಪ್ನಿಯೊಳಗೆ ಒಬ್ಬರ ತೊಡೆಯ ಮೇಲೊಬ್ಬರು ಕೂತೆವು. ಹೆರ್ಮಿನಿಯಾ ಅಂಗಡಿ ಬಾಗಿಲು ಹಾಕುವುದನ್ನೂ ಮರೆತು ಹತ್ತಿದಳು. ಇಷ್ಟು ವರ್ಷ ಜಾಹೀರಾತುಗಳಿಗೆ ಶಾಪ ಹಾಕಿದವರು ಅಂದು ಅವು ಬೇಗ ಮುಗಿಯದಿರಲಿ ಎಂದು ಶಿಲುಬೆಯ ಗುರುತು ಮಾಡಿಕೊಂಡರು. ಸೇತುವೆಯ ಮೇಲೆ ತೆಂಗಿನಕಾಯಿ ಹೇರಿದ ಗಾಡಿಯೊಂದು ತೆವಳುತ್ತಿತ್ತು. ಕ್ರಿಸಾಂತೊ ಹಾರನ್ನಿನಿಂದ ಕೈ ತೆಗೆಯಲಿಲ್ಲ. ಗಾಡಿಯವನು ಯಾರಿಗೋ ಹೆರಿಗೆ ನೋವೆಂದುಕೊಂಡು ಪಕ್ಕಕ್ಕೆ ಸರಿದ.

ನಮ್ಮ ದಂಡು ನುಗ್ಗಿದ್ದು ಕಂಡು ಬೇಕರಿಯವನು ಬ್ರೆಡ್ಡಿನ ತಟ್ಟೆ ಹಿಡಿದಂತೆಯೇ ನಿಂತ. ಪರದೆಯ ಮೇಲೆ ಇನ್ನೂ ಸೋಪು ನೊರೆ ಬಿಡುತ್ತಿತ್ತು. ಅದು ಮುಗಿದದ್ದೇ ತೆಮ್ಯೊಂಗನ ಮುಖ ಬಂತು.

“ನಿನ್ನ ಸಾರು,” ಎಂದ ತೆಮ್ಯೊಂಗ್, “ಯಾವತ್ತೂ ಚೆನ್ನಾಗೇ ಇತ್ತು.”

ಸಾಬೆಲ್ ಅವನ ಕೈಯಿಂದ ಚೀಲ ಕಸಿದುಕೊಂಡಳು. “ಕೂತ್ಕೋ. ಬಡಿಸ್ತೀನಿ,” ಎಂದಳು.

ಬೇಕರಿಯ ಛಾವಣಿ ಹಾರುವಂತೆ ಕೂಗಿದೆವು. ಎಲ್ಲರಿಗಿಂತ ಜೋರಾಗಿ ಕೂಗಿದವನು ಕ್ರಿಸಾಂತೊ. ಗುರುತೇ ಇಲ್ಲದ ಬೇಕರಿಯವನನ್ನು ತಬ್ಬಿಕೊಂಡು ಕುಣಿದ. ಕಣ್ಣು ಒದ್ದೆಯಾದದ್ದಕ್ಕೆ ಹಿಟ್ಟಿನ ಧೂಳು ಎಂದ. ಲೋರಿಂಗ್ ತನ್ನ ಕರವಸ್ತ್ರ ಕೊಟ್ಟಳು.

ಹಿಂತಿರುಗುವಾಗ ಅವನು ಎತ್ತಿನಗಾಡಿಯ ಹಾಗೆ ನಿಧಾನಕ್ಕೆ ಓಡಿಸಿದ.

“ಅದ್ಸರಿ, ಅವರಿಬ್ರೂ ಮೊದಲನೇ ಸಲ ಜಗಳ ಆಡಿದ್ದು ಯಾಕೆ?” ಎಂದು ಕೇಳಿದ.

ಎಲ್ಲರೂ ಒಟ್ಟಿಗೇ ಬಾಯಿ ಬಿಟ್ಟರು. ಹೆರ್ಮಿನಿಯಾ ಅವರನ್ನೆಲ್ಲ ಗದರಿಸಿ ಸುಮ್ಮನಾಗಿಸಿ, ಸಾಬೆಲ್ ಆ ಮನೆಗೆ ಕಾಲಿಟ್ಟ ದಿನದಿಂದ ಶುರುಮಾಡಿದಳು. ನಮ್ಮ ಬೀದಿಯ ತಿರುವು ಬಂತು. ಕ್ರಿಸಾಂತೊ ಅದನ್ನು ಬಿಟ್ಟು ಕಡಲ ಬದಿಯ ಸುತ್ತುದಾರಿ ಹಿಡಿದ. ಯಾರೂ ಬೇಡ ಅನ್ನಲಿಲ್ಲ.